ದಾರಿಯ ಡಿಕ್ರಿ ಗೆದ್ದ ಜಂಬಕ್ಕ

ಹಡಗಲಿ ಮಲ್ಲಿಗಿ ಅಂದಕೂಡ್ಲೆ ಮಂದಿಗೆ ವಾಸನಿ ನೆನಪಾಗ್ತೈತಿ. ಜಂಬಕ್ಕಗ ನೆನಪಾಗೋದು ಗಡಿಬಿಡಿ. ನಸುಕಿನಾಗ ಎದ್ದು ಮೊಗ್ಗು ಬಿಡಿಸಬೇಕು, ಹಸಿ ಅರಿವಿ ಹೊದಿಸಿ ಬುಟ್ಟಿ ಕಟ್ಟಬೇಕು, ಹೊತ್ತು ಮ್ಯಾಲೇರೋದ್ರಾಗ ಟಾರು ರೋಡಿಗೆ ಹೋಗಿ ಕೊಟ್ಟೂರು ಬಸ್ಸಿಗೆ ಏರಿಸಬೇಕು. ಬಸ್ಸು ತಪ್ಪಿತು ಅಂದ್ರ ಮೊಗ್ಗು ಬುಟ್ಯಾಗ ಬಾಯಿ ಬಿಡ್ತಾವ. ಬಾಯಿ ಬಿಟ್ಟ ಹೂವನ್ನ ಕೊಟ್ಟೂರಾಗ ಹೂವಿನ ಅಂಗಡಿ ಇಟ್ಟಿದ್ದ ಕಮಾಲಸಾಬ ಮುಟ್ಟಿ ಸೈತ ನೋಡ್ತಿದ್ದಿಲ್ಲ. ಅಂವ ಕೆಟ್ಟ ಮನುಷ್ಯ ಅಂತಲ್ಲ. ಕಟ್ಟೋ ಹೆಣ್ಣಮಕ್ಕಳು ಅದನ್ನ ದಾರಕ್ಕ ಏರಸಂಗಿಲ್ಲ, ಅಂವರ ಏನು ಮಾಡ್ಯಾನು?

ತೋಟ ದೊಡ್ಡದೇನಲ್ಲ, ಅರ್ಧ ಎಕರೆ. ತವರಿನಿಂದ ಬಂದದ್ದು. ಅಪ್ಪ ಸಾಯೋಕಿಂತ ಮೊದಲು ಗಂಡಮಕ್ಕಳಿಗೆ ಹೊಲ ಹಂಚಿ, ಹೂವಿನ ತೋಟ ಮಾತ್ರ ಮಗಳಿಗಿರ್ಲಿ, ಗಂಡಸರ ಕೈಯಾಗ ಮಲ್ಲಿಗಿ ಬದುಕಂಗಿಲ್ಲ ಅಂದಿದ್ನಂತ. ಅಪ್ಪನ ಮಾತು ಖರೇನ ಇತ್ತು. ಜಂಬಕ್ಕನ ಗಂಡ ಮಂಜಣ್ಣ ಹಡಗಲಿ ಬಸ್ ಸ್ಟ್ಯಾಂಡ್ ಹಿಂದ ಬಟ್ಟಿ ಹೊಲೀತಿದ್ದ. ಒಳ್ಳೆಯವನು, ಆದ್ರ ಬಾಯಿ ಸತ್ತವನು. ಆತನ ಮಷೀನು ಮಾಡಿದಷ್ಟು ಸಪ್ಪಳನ ಆತ ಮಾಡ್ತಿದ್ದಿಲ್ಲ. ತೋಟ, ಹೂವು, ಬಸ್ಸು, ಕೂಲಿ ಹೆಣ್ಣಮಕ್ಕಳು, ಎಲ್ಲಾ ಈಕಿದ ಜವಾಬ್ದಾರಿ.

ತೋಟದಿಂದ ಟಾರು ರೋಡಿಗೆ ಒಂದು ಬಂಡಿ ದಾರಿ ಇತ್ತು. ಪಕ್ಕದ ಹೊಲದ ಕೊಟ್ರಬಸಪ್ಪನ ತೋಟದ ಮನಿ ಬಾಜುಕ ಹಾದು ರೋಡಿಗೆ ಕೂಡ್ತಿತ್ತು. ಜಂಬಕ್ಕನ ಅಜ್ಜನ ಕಾಲದಿಂದ ನಡದ ದಾರಿ. ತೊಂಬತ್ತಮೂರರಾಗ ಆಕಿ ಕೂಡ್ಲಿಗಿಗೆ ಅಕ್ಕನ ಮಗಳ ಮದಿವಿಗಂತ ಹೋದ್ಲು. ಬೀಗರ ಊಟ ಮುಗಿಸಿ ಬರೋದ್ರಾಗ ದಾರಿ ಬಾಯಿಗೆ ಅಡ್ಡ ಗ್ವಾಡಿ ಎದ್ದು ಬಾಗಲ ಚೌಕಟ್ಟು ಕುಂತಿತ್ತು. ಮಗನ ಮದಿವಿ ಮಾಡಬೇಕು, ಮನಿಗೆ ಒಂದು ಕೋಲಿ ಕಮ್ಮಿ ಬೀಳ್ತೈತಿ, ಅದಕ್ಕ ಕಟ್ಟೀನಿ ಅಂತ ಕೊಟ್ರಬಸಪ್ಪ ಅಂದ. ಹಂಗಾರ ನಾ ಎಲ್ಲಿ ಹಾದು ಹೋಗ್ಲಿ ಅಂದ್ರ, ಹಳ್ಳದ ದಂಡಿಗುಂಟ ಹೋಗವ್ವ, ಯಾರು ಬ್ಯಾಡಂದಾರ ಅಂದ. ಹಳ್ಳದ ದಂಡಿಗುಂಟ ಬಂದ್ರ ಸುತ್ತು ಹಾಕಿ ಬರೋದ್ರಾಗ ಬಸ್ಸು ಮುಂದಿನ ಊರು ಮುಟ್ಟಿರ್ತೈತಿ. ಇದು ಆತಗೂ ಗೊತ್ತಿತ್ತು. ಗೊತ್ತಿದ್ದು ಅಂದವರ ಮುಂದ ಮಾತು ಬೆಳಿಸಿ ಏನು ಬಂತು? ಊರ ಹಿರೇರು ಎರಡು ಸಲ ಕುಂತರು, ಎರಡು ಸಲನೂ ಚಾ ಕುಡದು ಎದ್ದರು.

ಹಂಗ ಜಂಬಕ್ಕ ಕೋರ್ಟಿನ ಮೆಟ್ಲು ಹತ್ತಿದ್ಲು. ವಕೀಲ ಅರುಣಕುಮಾರ್ ಆಗಿನ್ನೂ ಹೊಸಬ. ಆತನ ಕರಿ ಕೋಟಿನ ತೋಳು ಉದ್ದ ಆಗಿ ಗಿಡ್ಡ ಮಾಡಿಕೊಟ್ಟವನು ಮಂಜಣ್ಣ, ಪರಿಚಯ ಆದದ್ದೂ ಹಂಗ. ಆತ ಆಕಿನ್ನ ಮೊದಲಿಂದಲೂ ಅಕ್ಕಾ ಅಂತಿದ್ದ. ಕೋರ್ಟಿನಾಗ ಎರಡು ಕೇಳೋಣ ಅಂದ. ಒಂದು, ಈ ದಾರಿ ಜಂಬಕ್ಕನದು ಅಂತ ಕೋರ್ಟು ಸಾರಬೇಕು. ಇನ್ನೊಂದು, ಅಡ್ಡ ಕಟ್ಟಿದ ಕೋಲಿನ್ನ ಕೊಟ್ರಬಸಪ್ಪ ತೆಗೀಬೇಕು. ಜಂಬಕ್ಕಗ ಎರಡೂ ಒಂದ ಅನಿಸ್ತು. ದಾರಿ ನಂದಾತು ಅಂದಮ್ಯಾಲ ಅದರ ಮ್ಯಾಲ ಇನ್ನೊಬ್ಬರ ಕೋಲಿ ಹೆಂಗ ನಿಂತೀತು? ಹೆಂಗ ನಿಲ್ತೈತಿ ಅನ್ನೋದು ಆಕಿಗೆ ಬಾಳ ವರ್ಷದ ಮ್ಯಾಲ ತಿಳೀತು.

ಕೋರ್ಟಿಗೆ ತಂದೇ ಆದ ನಡಿಗಿ ಐತಿ ನೋಡ್ರಿ. ಅದನ್ನ ಯಾರೂ ಅವಸರ ಮಾಡಸಾಕ ಬರಂಗಿಲ್ಲ. ಮೊದಲು ಸಮನ್ಸು. ಅಮೀನ ಸಮನ್ಸು ಹಿಡಕೊಂಡು ಬಂದ್ರ ಕೊಟ್ರಬಸಪ್ಪ ಹಿಂದಿನಿಂದ ಜಾರಿಕೊಂಡು ಹೊಲದಾಗ ಕುಂದರ್ತಿದ್ದ. ಮೂರನೇ ಸಲಕ್ಕ ಅಮೀನ ಬ್ಯಾಸತ್ತು ಬಾಗಲಿಗೆ ಅಂಟಿಸಿ ಹೋದ. ಆಮ್ಯಾಲ ಆ ಕಡೆಯವರ ಜವಾಬು. ಜವಾಬು ಬರೀಲಿಕ್ಕೆ ಅವರ ವಕೀಲರಿಗೆ ವಾಯಿದಾ ಬೇಕಂತ, ಆ ವಾಯಿದಾ ಮುಗದ ಮ್ಯಾಲ ಇನ್ನೊಂದು ವಾಯಿದಾ. ಅದಾದ ಮ್ಯಾಲ ಅಳತಿ ಮಾಡಾಕ ಕೋರ್ಟು ಕಳಿಸಿದ ಕಮಿಷನರು ಬಂದ್ರು, ಟೇಪು ಹಿಡದ್ರು, ಕೊಟ್ರಬಸಪ್ಪನ ಮನ್ಯಾಗ ಮಂಡಕ್ಕಿ ತಿಂದ್ರು, ಜಂಬಕ್ಕನ ತೋಟದಾಗ ಎಳನೀರು ಕುಡದ್ರು, ಹೋದ್ರು. ಸಾಕ್ಷಿ ಹೇಳೋ ಹೊತ್ತಿಗೆ ಜಡ್ಜ್ ಸಾಹೇಬ್ರಿಗೆ ವರ್ಗ ಆತು. ಹೊಸ ಸಾಹೇಬ್ರು ಮೊದಲಿಂದ ಓದಬೇಕಾತು. ಅಲ್ಲಾ, ದಾರಿ ಇತ್ತೋ ಇದ್ದಿಲ್ಲೋ ನೋಡಾಕ ಕಾಲಿದ್ದವರು ನಡದು ನೋಡಿದ್ರ ಸಾಕು. ಅದಕ್ಕ ಆರು ವರ್ಷ ಬೇಕಾ? ಬೇಕಂತ. ಅದನ್ನ ನಿಯಮ ಅಂತಾರ. ಜಂಬಕ್ಕ ವಾಯಿದಾ ಇದ್ದ ದಿನ ಕೋರ್ಟಿನ ಬೇವಿನ ಗಿಡದ ಬುಡಕ ಕುಂತು, ಬಸ್ಸು ತಪ್ಪಿಸಿಕೊಂಡ ಹೂವನ್ನ ಮಾಲಿ ಕಟ್ಟಿ, ಕೋರ್ಟಿನ ದೇವರ ಫೋಟೋಕ್ಕ ಹಾಕ್ರಿ ಅಂತ ಜವಾನನ ಕೈಯಾಗ ಕೊಡ್ತಿದ್ಲು. ಆ ದೇವರು ಆರು ವರ್ಷ ಮಲ್ಲಿಗಿ ಮುಡದು ಸುಮ್ಮನ ಇತ್ತು.

ತೊಂಬತ್ತೊಂಬತ್ತರ ಶಿವರಾತ್ರಿ ಮುಂದ ಡಿಕ್ರಿ ಆತು. ಗೆದ್ದಿದ್ದು ಜಂಬಕ್ಕ. ದಾರಿ ಆಕಿದು, ಎರಡು ತಿಂಗಳದಾಗ ಕೋಲಿ ತೆಗೀಬೇಕು, ತೆಗೀಲಿಲ್ಲ ಅಂದ್ರ ಆಕಿ ಕೋರ್ಟಿನ ಮುಖಾಂತರ ತೆಗಿಸಿಕೊಳ್ಳಬಹುದು. ಅರುಣಕುಮಾರ್ ಅದನ್ನ ಓದಿ ಹೇಳೋ ಹೊತ್ತಿಗೆ ಮಂಜಣ್ಣನ ಕಣ್ಣಾಗ ನೀರು ಬಂದಿದ್ದವು, ಆತ ಎಂದೂ ಅತ್ತವನಲ್ಲ. ಎರಡು ತಿಂಗಳು ನೋಡ್ರಿ, ಕೆಡವಲಿಲ್ಲ ಅಂದ್ರ ಬರ್ರಿ, ಡಿಕ್ರಿ ಜಾರಿ ಮಾಡಸ್ರಿ ಅಂತ ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕೋಣು, ತಡ ಮಾಡಬ್ಯಾಡ್ರಿ ಅಂತ ವಕೀಲ ಅಂದ. ತಡ ಮಾಡಬ್ಯಾಡ್ರಿ ಅನ್ನೋದು ವಕೀಲರು ದಿನಾ ನೂರು ಮಂದಿಗೆ ಅನ್ನೋ ಮಾತು. ಮಾಡಿದ್ರ ಏನಾಗ್ತೈತಿ ಅಂತ ಆತ ಹೇಳ್ಲಿಲ್ಲ, ಈಕಿ ಕೇಳ್ಲಿಲ್ಲ. ನಕಲು ಕಾಗದನ ಮನಿಗೆ ತಂದು ದೇವರ ಜಗಲಿ ಮ್ಯಾಲಿಟ್ಟು ಕುಂಕುಮ ಹಚ್ಚಿದ್ಲು.

ಎರಡು ತಿಂಗಳು ತುಂಬೋಕಿಂತ ಮೊದಲ ಕೊಟ್ರಬಸಪ್ಪ ಸತ್ತ. ಮೇಲಿನ ಕೋರ್ಟಿಗೆ ಹೋಗ್ತೀನಿ ಅಂತ ಕಾಗದಪತ್ರ ಹೊಂದಿಸಿಕೊಳ್ತಿದ್ನಂತ, ಎದಿ ಹಿಡಕೊಂಡು ಕುಂತಾವ ಮ್ಯಾಲ ಏಳಲಿಲ್ಲ. ಸುದ್ದಿ ಬಂದಾಗ ಜಂಬಕ್ಕ ಒಲಿ ಮುಂದಿದ್ಲು. ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಹಂಗ ಓಡಿದ್ಲು. ದಾವಾ ಹೂಡೋಕಿಂತ ಮೊದಲು ಆತ ಆಕಿಗೆ ಅಣ್ಣ ಆಗಿದ್ದ, ಆಕಿ ಮದಿವಿಯಾಗ ಹಂದರದ ಗಳ ಹೊತ್ತವನು. ಹೆಣದ ಮುಂದ ಕುಂತು ಎಲ್ಲರಂಗ ಅತ್ಲು. ಅಲ್ಲೇ ಯಾರೋ ಹೆಣ್ಣಮಗಳು, ಡಿಕ್ರಿ ಆದ ದಿನದಿಂದ ಅವರು ಸರ್ಯಾಗಿ ಉಂಡಿದ್ದಿಲ್ಲ ಅಂತ ಕೇಳೋಹಂಗ ಅಂದ್ಲು. ಆ ಮಾತು ಜಂಬಕ್ಕನ ಹೊಟ್ಟ್ಯಾಗ ಹೋಗಿ ಕುಂತುಬಿಡ್ತು.

ದಿನ ಕರ್ಮ ಎಲ್ಲಾ ಮುಗದ ಮ್ಯಾಲ ಸತ್ತವನ ಹೆಂಡ್ತಿ ನಾಗಲಿಂಗಮ್ಮ ತಾನಾಗೇ ಜಂಬಕ್ಕನ ಮನಿಗೆ ಬಂದ್ಲು. ಹಣಿ ಬೋಳು, ಕೈ ಬೋಳು, ಬಂದು ಕಟ್ಟಿ ಮ್ಯಾಲ ಕುಂತ್ಲು. "ದಾರಿ ನಿಂದ ಐತವ್ವ, ನಾ ಇಲ್ಲ ಅನ್ನಂಗಿಲ್ಲ," ಅಂದ್ಲು. "ವರ್ಷ ಒಂದು ಆಗ್ಲಿ. ಸತ್ತ ಮನಿ ಗ್ವಾಡಿಗೆ ಹಾರಿ ಹಾಕಬ್ಯಾಡ."

ವರ್ಷದ ಕಾರ್ಯ ಆಗೋತನಕ ಸತ್ತ ಮನಿ ತಂಟಿಗೆ ಯಾರೂ ಹೋಗಂಗಿಲ್ಲ, ಅದು ಹೇಳಿಸಿಕೊಂಡು ಮಾಡೋ ಮಾತೂ ಅಲ್ಲ. ಜಂಬಕ್ಕ ಆತವ್ವ ಅಂದ್ಲು. ಆಕಿ ಆ ಗಳಿಗ್ಯಾಗ ಇನ್ನೇನರ ಅಂದಿದ್ರ ಅದನ್ನ ನಾವೇ ಆಡಿಕೊಂತಿದ್ವಿ. ಆದ್ರೂ ಮನಸಿನಾಗ ಒಂದು ಅಳುಕು ಇತ್ತು, ಅದಕ್ಕ ಊರಾಗ ಕೋರ್ಟು ತಿಳದವರು ಅನ್ನಿಸಿಕೊಂಡ ಗುರುಸಂಗಪ್ಪನ ಹತ್ರ ಹೋಗಿ ಕೇಳಿದ್ಲು. ಗುರುಸಂಗಪ್ಪ ಅಂದ್ರ ಸಾದಾ ಆಸಾಮಿ ಅಲ್ಲ. ಹರಪನಹಳ್ಳಿ ಕೋರ್ಟು, ಹೊಸಪ್ಯಾಟಿ ಕೋರ್ಟು, ಬಳ್ಳಾರಿ ಕೋರ್ಟು ಎಲ್ಲಾದರ ಕಟ್ಟಿ ಮ್ಯಾಲ ಕುಂತು ಬುತ್ತಿ ಬಿಚ್ಚಿದವನು. ದಾಯಾದಿ ಕೈಯಾಗಿದ್ದ ಹೊಲ ಡಿಕ್ರಿ ಆಗಿ ಹನ್ನೊಂದನೇ ವರ್ಷಕ್ಕ ಅಮಲ್ಜಾರಿ ಹಾಕಿ ಬಿಡಿಸಿಕೊಂಡು, ಸಾಗುವಳಿ ಮಾಡಿ ತೋರಿಸಿದ್ದ. ಆತ ಎಲಿ ಅಡಕಿ ಹಾಕ್ಕೊಂತ, ಡಿಕ್ರಿಗೆ ಹನ್ನೆರಡು ವರ್ಷ ಆಯುಷ್ಯ ಐತಿ, ನೀ ನಿಶ್ಚಿಂತಿಲೆ ಮಕ್ಕೋ ಅಂದ. ಆತ ಸುಳ್ಳು ಹೇಳ್ಲಿಲ್ಲ. ಆತನ ಡಿಕ್ರಿ ಹೊಲದ್ದು, ಅದಕ್ಕ ಹನ್ನೆರಡು ವರ್ಷ ಖರೇನ ಇತ್ತು. ಕಟ್ಟಿದ್ದನ್ನ ಕೆಡವೋ ಡಿಕ್ರಿಗೆ ಕಾಯಿದಿ ಕೊಟ್ಟದ್ದು ಮೂರ ವರ್ಷ ಅನ್ನೋದು ಆತಗ ಗೊತ್ತಿದ್ದಿಲ್ಲ. ಊರಾಗ ಯಾರಿಗೂ ಗೊತ್ತಿದ್ದಿಲ್ಲ.

ವರ್ಷದ ಕಾರ್ಯ ಆತು. ಜಂಬಕ್ಕನೂ ಹೋಗಿ ಉಂಡು ಬಂದ್ಲು. ಇನ್ನ ವಕೀಲರ ಹತ್ರ ಹೋಗಬೇಕು, ಮಳಿ ಒಂದು ನಿಲ್ಲಲಿ ಅನ್ನೋದ್ರಾಗ ನಾಗಲಿಂಗಮ್ಮನ ಸೊಸಿ ಅಮೃತಾ ಬಸುರಾಗ್ಯಾಳ ಅಂತ ಸುದ್ದಿ ಬಂತು. ಮಗ ಗುರುಬಸವರಾಜಗ ಮದಿವ್ಯಾಗಿ ವರ್ಷಗಟ್ಲೆ ಮಕ್ಕಳಾಗಿದ್ದಿಲ್ಲ, ಒಂದು ನಿಂತದ್ದು ಐದು ತಿಂಗಳಿಗೆ ಹೋಗಿತ್ತು. ಈ ಸಲ ಡಾಕ್ಟರು ಹಾಸಗಿ ಬಿಟ್ಟು ಏಳಬ್ಯಾಡ ಅಂದಿದ್ರು. ಅಮೃತಾ ಮಲಗಿದ್ದು ಯಾವ ಕೋಲ್ಯಾಗ ಅಂದ್ರ, ಅದ ಕೋಲ್ಯಾಗ.

ಈ ಸಲ ಯಾರೂ ಬಂದು ಕೇಳ್ಲಿಲ್ಲ. ಕೇಳೋದೂ ಬೇಕಾಗಿದ್ದಿಲ್ಲ. ಬಸುರಿ ಇದ್ದ ಮನ್ಯಾಗ ಒಂದು ಗೂಟ ಬಡಿಯಂಗಿಲ್ಲ, ಒಲಿ ಕಿತ್ತು ಜಾಗ ಬದಲಿಸಂಗಿಲ್ಲ, ಗ್ವಾಡಿ ಕೆಡವೋದಂತೂ ಕನಸಿನಾಗೂ ಇಲ್ಲ. ಜಂಬಕ್ಕಗ ಇದು ಕೇಳಿದ ಮಾತಲ್ಲ, ಅನುಭವಿಸಿದ ಮಾತು. ಆಕಿ ಮೊದಲನೇದು ಏಳು ತಿಂಗಳ ಬಸುರಿದ್ದಾಗ ಅತ್ತಿ, ಹೊಗಿ ಕಣ್ಣಿಗೆ ಬರ್ತೈತಂತ ಒಲಿ ಕೀಳಿಸಿ ಇನ್ನೊಂದು ಮೂಲಿಗೆ ಹಾಕಿಸಿದ್ಲು. ಅದೇ ವಾರದಾಗ ಕೂಸು ಹೊಟ್ಯಾಗ ತಣ್ಣಗಾತು. ಮುಂದ ಮಕ್ಕಳಾಗಲಿಲ್ಲ. ಒಲಿಗೂ ಹೊಟ್ಟಿಗೂ ಏನು ಸಂಬಂಧ ಅಂತ ಕೇಳೋರು ಕೇಳ್ಲಿ. ಅತ್ತಿ ಸಾಯೋತನಕ ಆ ಒಲಿ ಮುಂದ ಕುಂತು ಕಣ್ಣೀರು ಹಾಕಿದ್ದನ್ನ ಜಂಬಕ್ಕ ನೋಡ್ಯಾಳ. ಅಂಥಾಕಿ ಇನ್ನೊಬ್ಬಾಕಿ ಬಸುರಿ ಮಲಗಿದ್ದ ಗ್ವಾಡಿಗೆ ಅಮೀನನ್ನ ಕರಕೊಂಡು ಹೋಗ್ತಾಳೇನು? ಮಂಜಣ್ಣ ಒಂದು ದಿನ ಉಣ್ಣೋ ಹೊತ್ತಿನಾಗ, ಡಿಕ್ರಿದೇನು ಮಾಡೋಣು ಅಂತ ಕೇಳಿದ. ಹನ್ನೆರಡು ವರ್ಷ ಐತಂತ, ಆಕಿ ಹಡೀಲಿ ಅಂತ ಜಂಬಕ್ಕ ಅಂದ್ಲು. 

ಅಮೃತಾಗ ತವರಾಗ ತಾಯಿ ಇದ್ದಿಲ್ಲ, ಹಂಗಾಗಿ ಬಾಣಂತನನೂ ಇಲ್ಲೇ ಆತು. ಎರಡು ಸಾವಿರದೊಂದರ ಯುಗಾದಿ ದಾಟಿ ಗಂಡು ಹುಟ್ಟಿತು. ತೊಟ್ಲಿಗೆ ಸುತ್ತಾಕ ಜಂಬಕ್ಕ ತನ್ನ ತೋಟದ ಮಲ್ಲಿಗಿ ದಂಡಿ ತಾನ ಕಟ್ಟಿ ಒಯ್ದ್ಲು. ಬಾಣಂತಿ ಕೋಲ್ಯಾಗ ಕುಂತು ಕೂಸನ್ನ ಮಡ್ಲಾಗ ಹಾಕ್ಕೊಂಡು, ತಲಿ ಮೂಸಿ, ಬಾಳ ಹೊತ್ತು ಕುಂತಿದ್ಲು. ತನ್ನ ದಾರಿ ಮ್ಯಾಲ ತಾ ಕುಂತೀನಿ ಅನ್ನೋದು ಆಕಿಗೆ ಆಗ ನೆನಪೂ ಆಗಲಿಲ್ಲ. ಕೂಸು ಸಣ್ಣದೈತಿ, ಜವಳ ಒಂದು ಆಗ್ಲಿ, ಆಮ್ಯಾಲ ನಾನ ನಿಂತು ಕೆಡವಿಸ್ತೀನಿ ಅಂತ ನಾಗಲಿಂಗಮ್ಮ ಆಕಿ ಕೈ ಹಿಡಕೊಂಡು ಅಂದ್ಲು. ನಾಗಲಿಂಗಮ್ಮ ಮೋಸದಾಕಿ ಅಲ್ಲ. ಇದನ್ನ ಈಗ್ಲೇ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಆದದ್ದನ್ನ ಕೇಳಿದವರು ಎಲ್ಲಾರೂ ಆಕಿನ್ನ ಬೈತಾರ.

ಜವಳ ವರ್ಷಕ್ಕ ಮಾಡಬೇಕಂತ ಇತ್ತು. ಸ್ವಾದರಮಾವ ಪರ ಊರಿಂದ ಬರೋದು ತಡ ಆತು. ಯುಗಾದಿ ಆಗಿ ಒಂದು ತಿಂಗಳು ಕಳದ ಮ್ಯಾಲ ಕೊಟ್ಟೂರಿಗೆ ಹೋಗಿ ಕೂದಲು ತೆಗಿಸಿಕೊಂಡು ಬಂದ್ರು. ಅದೇ ತಿಂಗಳು ಹಳ್ಳದ ದಂಡಿ ಹೊಲ ಕೊಂಡವರು ಸುತ್ತ ಮುಳ್ಳುತಂತಿ ಬಿಗಿದುಬಿಟ್ರು. ಆರು ವರ್ಷ ದಾವಾದಾಗ, ಮೂರು ವರ್ಷ ಡಿಕ್ರಿ ಆದ ಮ್ಯಾಲ, ಜಂಬಕ್ಕ ಸುತ್ತು ಹಾಕಿ ನಡದ ದಾರಿನೂ ಹೋತು. ಸಿಕ್ಕ ಬಸ್ಸಿಗೆ ಸಿಕ್ಕಷ್ಟು ಹೂವು ಹಾಕಿ ಹೆಂಗೋ ಉಳಿಸಿಕೊಂಡು ಬಂದಿದ್ದ ತೋಟಕ್ಕ ಇನ್ನ ಹೋಗೋ ದಾರಿ ಅಂದ್ರ ಆಕಿ ಸ್ವಂತ ದಾರಿ ಒಂದ. ಆಕಿ ಹೆದರಲಿಲ್ಲ. ಡಿಕ್ರಿ ಐತಲ್ಲ, ಜವಳನೂ ಆತಲ್ಲ ಅಂತ ಕುಂಕುಮ ಹಚ್ಚಿದ ಕಾಗದ ತಗೊಂಡು ಅರುಣಕುಮಾರ್ ಆಫೀಸಿಗೆ ಹೋದ್ಲು.

ಆತ ಈಗ ಹೊಸಬ ಅಲ್ಲ. ಮೂರು ಮಂದಿ ಜೂನಿಯರು, ಗ್ವಾಡಿ ತುಂಬ ಪುಸ್ತಕ. ಬರ್ರಿ ಅಕ್ಕಾ, ಎಲ್ಲಿ ಹೋಗಿದ್ರಿ ಅಂತ ನಕ್ಕೊಂತ ಕಾಗದ ಬಿಚ್ಚಿದ. ತಾರೀಖು ನೋಡಿದ. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ. ತಿರುಗಿ ತಾರೀಖು ನೋಡಿದ. ನಗಿ ಹೋತು. ಎದ್ದು ಒಂದು ಪುಸ್ತಕ ತಗದು ಬಾಳ ಹೊತ್ತು ನಿಂತಲ್ಲೇ ಓದಿದ, ಮತ್ತ ಮುಚ್ಚಿ ಇಟ್ಟ.  ಕೋಲಿ ತೆಗಿಯಾಕ ಕೊಟ್ಟ ಎರಡು ತಿಂಗಳು ಮುಗದಲ್ಲಿಂದ ಎಣಿಸೋ ಮೂರು ವರ್ಷದ ಮುದ್ದತ್ತು ತೀರಿ ಇನ್ನೂ ನಾಲ್ಕು ವಾರ ಆಗಿದ್ದಿಲ್ಲ. ಹೋದ ಹುಣ್ಣಿವಿಗಿಂತ ಮೊದಲು ಬಂದಿದ್ರ ನಡೀತಿತ್ತು ಅಕ್ಕಾ ಅಂದ. ತಪ್ಪು ಯಾರದು ಅಂತ ಆತ ಹೇಳ್ಲಿಲ್ಲ, ಆದ್ರ ತಾನೂ ತಲಿ ಮ್ಯಾಲೆತ್ತಲಿಲ್ಲ. ಅಪೀಲಿನಾಗ, ಬಾಕಿ ಅರ್ಜಿಯಾಗ ತಡ ಆದ್ರ ಕಾರಣ ಹೇಳಿ ಕೋರ್ಟಿಗೆ ಕೈ ಮುಗೀಬಹುದಂತ. ಅಮಲ್ಜಾರಿಗೆ ಮಾತ್ರ ಆ ಮಾಫಿ ಕಾಯಿದ್ಯಾಗ ಇಲ್ಲಂತ. ಎಂಥಾ ಕಾರಣ ಇದ್ರೂ ಇಲ್ಲಂತ. ಆದ್ರೂ ಹಾಕೋಣು ಅಂತ ಅರ್ಜಿ ಹಾಕಿದ.

ಗುರುಬಸವರಾಜನ ವಕೀಲರು ಎರಡ ಸಾಲಿನ ತಕರಾರು ಬರದ್ರು. ಡಿಕ್ರಿ ಖರೆ, ದಾರಿ ಖರೆ, ಮುದ್ದತ್ತು ತೀರೇತಿ. ಅಷ್ಟ. ಆರು ವರ್ಷ ತಗೊಂಡ ಕೋರ್ಟು ಇದಕ್ಕ ಆರು ತಿಂಗಳೂ ತಗೊಳ್ಳಲಿಲ್ಲ. ತೀರ್ಪಿಗಿಂತ ಮೊದಲು ಸಾಹೇಬ್ರು ಆಕಿನ್ನ ಹತ್ರ ಕರದು, ಇಷ್ಟು ದಿನ ಯಾಕೆ ಸುಮ್ಮನಿದ್ರಿ ಅಮ್ಮಾ ಅಂತ ಕೇಳಿದ್ರು.

ಜಂಬಕ್ಕ ಕೈ ಮುಗದ್ಲು. "ಒಂದು ವರ್ಷ ಅವರ ಮನ್ಯಾಗ ಸತ್ತಿದ್ರು. ಆಮ್ಯಾಲ ಸೊಸಿ ಬಸುರಿದ್ಲು. ಆಮ್ಯಾಲ ಕೂಸು ಸಣ್ಣದಿತ್ತು. ಬಾಣಂತಿ ಮಲಗಿದ್ದ ಕೋಲಿ ಸಾಹೇಬ್ರ, ಹೆಂಗ ಕೆಡವಲಿ?"

 ಸಾಹೇಬ್ರು ಪೆನ್ನು ಕೆಳಗಿಟ್ಟು ಗುರುಬಸವರಾಜನ್ನ ನೋಡಿದ್ರು. ಅಂವ ತನ್ನ ಚಪ್ಪಲಿ ನೋಡಿಕೊಂಡ.

"ನೀವು ಮಾಡಿದ್ದು ತಪ್ಪು ಅಂತ ನಾನು ಹೇಳೋದಿಲ್ಲ," ಅಂದ್ರು ಸಾಹೇಬ್ರು. "ಆದರೆ ಅದನ್ನು ಲೆಕ್ಕಕ್ಕೆ ತಗೊಳ್ಳೋ ಅಧಿಕಾರ ಕಾಯಿದೆ ನನಗೆ ಕೊಟ್ಟಿಲ್ಲ." ಮತ್ತ ಪೆನ್ನು ತಗೊಂಡ್ರು, ಅರ್ಜಿ ವಜಾ ಅಂತ ಬರದ್ರು.

ಸಾಹೇಬ್ರು ಗದರಿಸಿದ್ರ ಒಂದು ನಮೂನಿ ಸಮಾಧಾನ ಆಗ್ತಿತ್ತು, ಬೈಕೊಂತ ಮನಿಗೆ ಬರ್ತಿದ್ಲು. ಅವರು ಒಳ್ಳೆಯವರು. ವಕೀಲನೂ ಒಳ್ಳೆಯವನು. ನಾಗಲಿಂಗಮ್ಮನೂ ಒಳ್ಳೆಯಾಕಿ. ಹಂಗಾರ ಬೈಯೋದು ಯಾರಿಗೆ? ಹೊರಗ ಬಂದಾಗ ಅರುಣಕುಮಾರ್ ಸಣ್ಣ ದನಿಲೆ, ದಾರಿ ನಿಮ್ಮದು ಅನ್ನೋದು ಇನ್ನೂ ಹಂಗ ಐತಿ ಅಕ್ಕಾ, ಅದನ್ನ ಯಾರೂ ಅಳಸಂಗಿಲ್ಲ, ಕೋಲಿ ಕೆಡವಿಸೋ ಹಕ್ಕು ಮಾತ್ರ ಹೋತು ಅಂದ. ಜಂಬಕ್ಕ ಆತನ ಮುಖನ ನೋಡಿಕೊಂತ ನಿಂತ್ಲು. ದಾರಿ ನಂದು, ಅದರ ಮ್ಯಾಲ ಕಾಲಿಡಂಗಿಲ್ಲ. ಇದನ್ನ ಮಂಜಣ್ಣಗ ಹೆಂಗ ತಿಳಿಸಿ ಹೇಳ್ಬೇಕು ಅಂತ ಆಕಿಗೆ ಬಸ್ ಸ್ಟ್ಯಾಂಡಿನತನಕ ಹೊಳೀಲಿಲ್ಲ. ಬಳ್ಳಾರಿಗೂ ಹೋಗಿ ಕೇಳಿ ನೋಡಿದ್ರು. ಅಲ್ಲಿನ ದೊಡ್ಡ ವಕೀಲರೂ ಅದೇ ಅಂದ್ರು.

ಊರ ಮಂದಿ ಗುರುಬಸವರಾಜನ್ನ ತಡದು ಕೇಳಿದ್ರು, ಏನಪ್ಪಾ, ನಿನ್ನ ಮಗನ ಸಲುವಾಗಿ ತಡದಾಕಿಗೆ ಹಿಂಗ ಮಾಡಬಹುದಾ ಅಂತ. ನಾ ತಡೀರಿ ಅಂದಿದ್ನೇನು, ಅಂದದ್ದು ನಮ್ಮವ್ವ, ನನ್ನ ಬಾಯಿಂದ ಒಂದು ಮಾತು ಬಂದಿದ್ರ ತೋರಿಸ್ರಿ ಅಂದ. ಅದೂ ಖರೆ. ಅವನ ಬಾಯಿಂದ ಬಂದಿದ್ದಿಲ್ಲ. ಕೆಡವಿಸ್ತೀನಿ ಅಂದಿದ್ದ ಅವ್ವನ ಮಾತು ಅವನ ಮುಂದ ನಡೀಲಿಲ್ಲ. ನಾಲಾಯಕನ ನಾಲಿಗಿ ಎಷ್ಟು ಹದಕ್ಕ ಇತ್ತು ನೋಡ್ರಿ.

ಮಲ್ಲಿಗಿ ಹಂಗಾಮು ಶುರುವಾತು. ತೋಟದ ತುಂಬ ಮೊಗ್ಗು, ಒಯ್ಯೋದು ಎಲ್ಲಿಂದ? ಮೂರು ಕಡೆ ತಂತಿ ಬೇಲಿ, ಒಂದು ಕಡೆ ಗ್ವಾಡಿ. ಒಂದು ನಸುಕಿನಾಗ, ಹೆಂಗೋ ತಂತಿ ದಾಟಿ ಸೀರಿ ಹರಕೊಂಡು ತೋಟಕ್ಕ ಬಂದ ಜಂಬಕ್ಕಗ ಆ ಕೋಲಿ ಹಿಂದಿನ ಬಾಗಲು ತೆರದದ್ದು ಕಾಣಿಸ್ತು. ಕಂದೀಲು ಹಿಡಕೊಂಡು ನಾಗಲಿಂಗಮ್ಮ ನಿಂತಿದ್ಲು. ಬಾ, ಹಿಂಗ ಹಾದು ಹೋಗು ಅಂದ್ಲು. ಆ ಕೋಲಿಗೆ ಎರಡು ಬಾಗಲು, ಒಂದು ತೋಟದ ಕಡಿ, ಒಂದು ರೋಡಿನ ಕಡಿ. ಬುಟ್ಟಿ ಹೊತ್ತು ಬಗ್ಗಿ ಒಳಗ ಹೋಗಿ, ಮಲಗಿದ್ದ ಕೂಸಿನ ಕಾಲ್ದೆಸೆಯಿಂದ ಹಾದು, ಮುಂದಿನ ಬಾಗಲಿಂದ ಹೊರಗ ಬಿದ್ರ ಟಾರು ರೋಡು. ಆವತ್ತು ಕೊಟ್ಟೂರು ಬಸ್ಸು ಸಿಕ್ತು. ವರ್ಷಗಟ್ಲೆ ಆಗಿತ್ತು ಅದಕ್ಕ ಇಷ್ಟು ಬಿಗಿ ಮೊಗ್ಗು ಏರಿಸಿ. ಏನವ್ವಾ, ಗ್ವಾಡಿ ಬಿತ್ತೇನು ಅಂತ ಕಮಾಲಸಾಬ ಡ್ರೈವರನ ಕೈಯಾಗ ಕೇಳಿ ಕಳಿಸಿದ್ದ.

ಹತ್ತು ಹದಿನೈದು ದಿನ ಹಂಗ ನಡೀತು. ಆಮ್ಯಾಲ ಒಂದಿನ ಬಾಗಲು ತೆರೀಲಿಲ್ಲ. ಹೊತ್ತೇರಿದ ಮ್ಯಾಲ ಗುರುಬಸವರಾಜ ಒಂದು ಛಾಪಾ ಕಾಗದ ತಗೊಂಡು ಮನಿಗೇ ಬಂದ, ಮರ್ಯಾದಿಲೆ ಕುಂತ. ಅಕ್ಕಾರ, ನೀವು ಹಾಯೋದಕ್ಕ ನಂದೇನೂ ಅಭ್ಯಂತರ ಇಲ್ಲ, ಆದ್ರ ನಾಳೆ ಇದನ್ನ ಹಿಡಕೊಂಡು ಮತ್ತ ಕೋರ್ಟಿಗೆ ಹೋದ್ರ ನಾ ಏನು ಮಾಡ್ಲಿ ಅಂತ ಶುರು ಮಾಡಿದ. ಕಾಗದದಾಗ ಬರಿಸಿದ್ದು ಇಷ್ಟ: ನನಗ ಈ ಜಾಗದ ಮ್ಯಾಲ ದಾರಿ ಹಕ್ಕು ಇಲ್ಲ, ಡಿಕ್ರಿ ಪ್ರಕಾರ ಏನೂ ಕೇಳಂಗಿಲ್ಲ, ಮನಿಯವರು ಒಪ್ಪಿದ್ದಕ್ಕ ಹಾಯ್ತೀನಿ, ಅವರು ಬ್ಯಾಡ ಅಂದ ದಿನ ಬಿಡ್ತೀನಿ.

ಜಂಬಕ್ಕ ಸಹಿ ಮಾಡ್ಲಿಲ್ಲ. ಬಾಗಲೂ ತೆರೀಲಿಲ್ಲ. ದಿನ ಹೋದಂಗ ಮೊಗ್ಗು ಗಿಡದಾಗ ಅರಳಿ, ಕೆಂಪಾಗಿ, ಮಣ್ಣಿಗೆ ಬಿದ್ದವು. ತೋಟ ಬೆಳ್ಳಗ ಕಾಣ್ತಿತ್ತು, ನೋಡಿದವರು ಎಷ್ಟು ಚಂದ ಅಂತಿದ್ರು. ಆಕಿ ಅರುಣಕುಮಾರ್ ಹತ್ರ ಹೋಗಿ ಏನು ಮಾಡ್ಲಿ ಅಂತ ಕೇಳಿದ್ಲು. ಸಹಿ ಮಾಡಿದ್ರ ಡಿಕ್ರಿನೂ ಹೋದಂಗ, ಮಾಡದಿದ್ರ ತೋಟ ಹೋದಂಗ, ನಾ ಏನು ಹೇಳ್ಲಿ ಅಕ್ಕಾ ಅಂತ ಆತ ಅಂದ. ಫೀಸು ಬ್ಯಾಡ ಅಂದ. ಚಾ ತರಿಸಿದ. ಆಕಿ ಕುಡೀಲಿಲ್ಲ.

ಮನಿಗೆ ಬಂದು ರಾತ್ರಿ ಉಣ್ಣದ ಕುಂತಾಕಿಗೆ ಮಂಜಣ್ಣ ತಾನಾಗೇ ಮಾತಾಡಿದ. "ಗಿಡ ಒಣಗಿದ ಮ್ಯಾಲ ಕಾಗದ ತಗೊಂಡು ಏನು ಮಾಡ್ತಿ?" ಅಂದ. ಆತ ಅಷ್ಟು ಅಂದದ್ದೇ ಹೆಚ್ಚು. ಮರುದಿನ ಆಕಿ ಗುರುಬಸವರಾಜನ ಕಟ್ಟಿ ಮ್ಯಾಲ ಕುಂತು ಸಹಿ ಮಾಡಿದ್ಲು. ನಾಗಲಿಂಗಮ್ಮ ಒಳಗ ಮುಖಕ್ಕ ಸೆರಗು ಒತ್ತಿಕೊಂಡು ಅಳೋದು ಕೇಳಿಸ್ತಿತ್ತು. ಸಹಿ ಮಾಡಿದ ಕಾಗದ ಆರಲಿ ಅಂತ ಗುರುಬಸವರಾಜ ಊದಿ ಮಡಿಚಿ ಕಿಸೇದಾಗ ಇಟ್ಕೊಂಡ.

ಈಗ್ಲೂ ಹಡಗಲಿಯಿಂದ ಆ ಕಡೆ ನಸುಕಿನ ಬಸ್ಸಿಗೆ ಹೋದ್ರ ನೋಡಬಹುದು. ಕೋಲಿ ಹಿಂದ, ತಲಿ ಮ್ಯಾಲ ಬುಟ್ಟಿ ಹೊತ್ತು ಜಂಬಕ್ಕ ನಿಂತಿರ್ತಾಳ. ಕೋರ್ಟು ಆಕಿದು ಅಂತ ಸಾರಿದ ದಾರಿ ಅದು. ಬಾಗಲು ಮೆಲ್ಲಕ ಬಡದು, "ನಾನವ್ವಾ, ಜಂಬಕ್ಕ. ಹೋಗ್ಲೇನು?" ಅಂತ ಕೇಳ್ತಾಳ. ಒಳಗಿಂದ ಯಾರಾರ ಹೂಂ ಅನ್ನೋತನಕ ಅಲ್ಲೇ ನಿಂತಿರ್ತಾಳ.